ಐವರು ಗಂಧರ್ವರು, ಒಬ್ಬ ನಾಟ್ಯಗುರು

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕನ್ನಡ ನಾಡಿನ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಇದೆ. ಗುಡಿಯ ಜಗಲಿಯಲ್ಲೋ ಊರ ಚಾವಡಿಯಲ್ಲೋ ಗಮಕಿಯೊಬ್ಬರು ಕುಮಾರವ್ಯಾಸನ ಷಟ್ಪದಿಗಳನ್ನು ರಾಗವಾಗಿ ವಾಚಿಸುತ್ತಾರೆ. ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಾರೆ. ಓದು ಮುಗಿಯುವುದರೊಳಗೆ ಮಳೆ ಬಂದೀತೆಂಬ ನಂಬಿಕೆ. ಭಾರತದಲ್ಲಿ ಅಷ್ಟೊಂದು ಪರ್ವಗಳಿರುವಾಗ ಮಳೆಗೆ ಇದೇ ಏಕೆ ಎಂದು ಕೇಳಿದರೆ, ಕಾರಣ ಕಥೆಯೊಳಗೇ ಸಿಗುತ್ತದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕಲು ಹೋದ ದುರ್ಯೋಧನನ ಗೂಢಚಾರರು ಬರಿಗೈಯಲ್ಲಿ ಹಿಂದಿರುಗಿದಾಗ ಭೀಷ್ಮ ಒಂದು ಗುರುತು ಹೇಳುತ್ತಾನೆ. ಧರ್ಮರಾಯ ಇರುವ ನಾಡಿನಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗುತ್ತದೆ, ಬೆಳೆ ಹುಲುಸಾಗಿರುತ್ತದೆ, ಹಸುಗಳು ಚೆನ್ನಾಗಿ ಕರೆಯುತ್ತವೆ. ಅಂಥ ನಾಡು ಎಲ್ಲಿದೆ ಎಂದು ನೋಡಿ ಎಂಬುದು ಆ ಮುದುಕನ ಸಲಹೆ.

ಮಳೆಯ ಮಾತನ್ನು ಬದಿಗಿಟ್ಟು ನೋಡಿದರೂ ಇದು ವಿಚಿತ್ರವಾದ ಪರ್ವ. ರಾಜರಾಗಿದ್ದವರು ಹೆಸರು ಬದಲಿಸಿ, ವೇಷ ಬದಲಿಸಿ, ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕೆ ನಿಂತು ಒಂದು ವರ್ಷ ಕಳೆಯುವ ಕಥೆ ಇದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯ ಕಂಕನೆಂಬ ಹೆಸರಿನಲ್ಲಿ ವಿರಾಟರಾಜನಿಗೆ ಜೂಜಿನ ಜೊತೆಗಾರನಾಗುತ್ತಾನೆ. ತನ್ನನ್ನು ಹಾಳು ಮಾಡಿದ್ದನ್ನೇ ಹೊಟ್ಟೆಪಾಡು ಮಾಡಿಕೊಂಡ ಮೊದಲ ಮನುಷ್ಯ ಅವನೇ ಇರಬೇಕು. ಎಷ್ಟು ಉಂಡರೂ ಹಸಿವು ತೀರದ ಭೀಮ ಪರರಿಗೆ ಅಡುಗೆ ಮಾಡುವ ವಲಲನಾಗುತ್ತಾನೆ. ನಕುಲನಿಗೆ ಕುದುರೆ ಲಾಯ, ಸಹದೇವನಿಗೆ ದನದ ಹಟ್ಟಿ. ಇವರ ಕಷ್ಟ ಸಾಮಾನ್ಯ ಕಷ್ಟ, ಅಂತಸ್ತು ಇಳಿದ ಕಷ್ಟ. ಆದರೆ ಗುಂಪಿನಲ್ಲಿ ಇನ್ನಿಬ್ಬರಿದ್ದಾರೆ. ಅವರು ಬಡತನದ ಜೊತೆಗೆ ಬೇರೊಂದು ಭಾರವನ್ನೂ ಹೊತ್ತವರು. ಎಲ್ಲರಂತಲ್ಲದ ಮದುವೆಯಾದ ದ್ರೌಪದಿ ಒಬ್ಬಳು, ಎಲ್ಲರಂತಲ್ಲದ ದೇಹದಲ್ಲಿ ಆ ವರ್ಷ ಕಳೆಯಬೇಕಾದ ಅರ್ಜುನ ಮತ್ತೊಬ್ಬ. ಈ ಇಬ್ಬರನ್ನು ಕುರಿತೇ ಈ ವಾರದ ಮಾತು. ಅದಕ್ಕೆ ಬೆಂಗಳೂರಿನ ನಗರ್ತಪೇಟೆಗಿಂತ ತಕ್ಕ ಸ್ಥಳ ಸಿಗಲಾರದು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಹಳೆಯ ಪೇಟೆಯ ಒಳಗೆ, ನಗರ್ತ ವರ್ತಕರ ಹೆಸರು ಹೊತ್ತ ಈ ಬೀದಿಗಳಲ್ಲಿ ಅಂಗಡಿ, ಗೋದಾಮು, ಚಿನ್ನದ ಕೆಲಸದ ಕೋಣೆಗಳ ನಡುವೆ ಧರ್ಮರಾಯಸ್ವಾಮಿ ದೇವಸ್ಥಾನ ಇದೆ. ರಾಮನ ಗುಡಿ, ಕೃಷ್ಣನ ಗುಡಿ ಊರೂರಿಗೂ ಉಂಟು. ಪಾಂಡವರಿಗೆಂದೇ ಇರುವ ಗುಡಿ ಅಪರೂಪ. ಹೆಸರು ಧರ್ಮರಾಯನದಾದರೂ ಇಲ್ಲಿಯ ಶಕ್ತಿ ದ್ರೌಪದಿ. ಇದನ್ನು ನಡೆಸಿಕೊಂಡು ಬಂದವರು ತಿಗಳ ಸಮುದಾಯದವರು, ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವವರು. ಬೆಂಗಳೂರಿನ ಕೆರೆಗಳ ಕೆಳಗೆ ಹೂವು, ಸೊಪ್ಪು, ತರಕಾರಿ ಬೆಳೆದು ಊರನ್ನು ಸಾಕಿದ ತೋಟಗಾರರು ಇವರು. ದ್ರೌಪದಿ ಬೆಂಕಿಯಲ್ಲಿ ಹುಟ್ಟಿದವಳು, ವಹ್ನಿ ಎಂದರೂ ಬೆಂಕಿ. ಅಲ್ಲಿಗೆ ನಂಟು ಕೂಡಿತು. ಪೂಜಿಸುವವರಿಗೆ ಅವಳು ಆದಿಶಕ್ತಿ. ಕಾವ್ಯ ಓದುವವರಿಗೆ ಅವಳು ಒಂದು ಪಾತ್ರ. ನಾವಿಲ್ಲಿ ಪಾತ್ರದಿಂದ ಹೊರಟು ಗುಡಿಗೆ ಬರೋಣ.

ಸ್ವಯಂವರದಲ್ಲಿ ಗೆದ್ದವನು ಒಬ್ಬ, ಕೈಹಿಡಿದವರು ಐವರು. ಇದನ್ನು ಒಪ್ಪಿಸುವುದು ವ್ಯಾಸಭಾರತಕ್ಕೇ ಸುಲಭವಾಗಲಿಲ್ಲ. ಒಳಗಿದ್ದ ಕುಂತಿ ಏನು ತಂದರೆಂದು ನೋಡದೆ ಎಲ್ಲರೂ ಹಂಚಿಕೊಳ್ಳಿ ಎಂದುಬಿಟ್ಟಳು, ತಾಯಿಯ ಮಾತು ಸುಳ್ಳಾಗಬಾರದು ಎಂಬುದು ಒಂದು ಕಾರಣ. ಹೆಣ್ಣಿನ ತಂದೆ ದ್ರುಪದ ಇದು ಲೋಕಕ್ಕೂ ವೇದಕ್ಕೂ ವಿರುದ್ಧ ಎಂದು ಹಟ ಹಿಡಿದಾಗ ವ್ಯಾಸರೇ ಬಂದು ಅವನನ್ನು ಪ್ರತ್ಯೇಕವಾಗಿ ಕರೆದುಕೊಂಡು ಹೋಗಿ, ಈ ಐವರೂ ಹಿಂದೆ ಇಂದ್ರರಾಗಿದ್ದವರು ಎಂದು ಹೇಳುತ್ತಾರೆ. ಅದೂ ಸಾಲದೆಂಬಂತೆ, ಹಿಂದಿನ ಜನ್ಮದಲ್ಲಿ ಅವಳು ಶಿವನಲ್ಲಿ ಗಂಡನನ್ನು ಕೊಡೆಂದು ಐದು ಸಲ ಬೇಡಿದ್ದಳು ಎಂಬ ಕಥೆ. ಒಂದೇ ಸಂಗತಿಗೆ ಮೂರು ಮೂರು ಕಾರಣ ಕೊಡುವವರನ್ನು ಕಂಡರೆ ನಮಗೆ ಸಂಶಯ ಬರುವುದುಂಟು. ಹೇಳುವವನ ಮನಸ್ಸಿನಲ್ಲೇ ಏನೋ ಕಸಿವಿಸಿ ಇದೆ ಎಂದು ಅರ್ಥ.

ಕಸಿವಿಸಿಗೆ ಕಾರಣವೂ ಇತ್ತು. ಹಸ್ತಿನಾವತಿಯ ಸಭೆಗೆ ಅವಳನ್ನು ಎಳೆದು ತಂದಾಗ ಅವಳ ಮೇಲೆ ಬಿದ್ದ ಮೊದಲ ಕಲ್ಲು ಈ ಮದುವೆಯೇ. ಹೆಣ್ಣಿಗೆ ಒಬ್ಬನೇ ಗಂಡನೆಂಬುದು ದೇವರು ಮಾಡಿದ ಕಟ್ಟಳೆ, ಇವಳಿಗೆ ಹಲವರು. ಆದ್ದರಿಂದ ಇವಳು ಕುಲಸ್ತ್ರೀಯಲ್ಲ, ಸಭೆಗೆ ತಂದರೂ ಬಟ್ಟೆ ಸೆಳೆದರೂ ತಪ್ಪಲ್ಲ ಎಂದು ಕರ್ಣ ವಾದಿಸುತ್ತಾನೆ. ಬೇರೆಯಾಗಿ ಬದುಕುವವರನ್ನು ಲೋಕ ಸುಮ್ಮನೆ ಸಹಿಸಿಕೊಂಡಿರುವಂತೆ ಕಾಣುತ್ತದೆ. ಅವರು ಬಿದ್ದ ದಿನ ಅದೇ ನೆಪವಾಗುತ್ತದೆ. ಅವಳ ಮದುವೆಯನ್ನು ನಿಶ್ಚಯಿಸಿದವರು ಬೇರೆಯವರು, ನಿಂದೆ ಕೇಳಿದವಳು ಮಾತ್ರ ಅವಳು.

ನಮ್ಮ ಆದಿಕವಿ ಈ ಕಸಿವಿಸಿಯನ್ನು ಬಗೆಹರಿಸಿದ ರೀತಿ ಬಹಳ ಸರಳ. 941ರಲ್ಲಿ ಪೂರೈಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿದ. ಅವನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಿ ಬರೆದ ಕಾವ್ಯ ಅದು. ನಾಯಕನ ಹೆಂಡತಿಯನ್ನು ಇತರ ನಾಲ್ವರೊಡನೆ ಹಂಚುವುದು ರಾಜಸಭೆಯಲ್ಲಿ ಹೇಗೆ ಸಾಧ್ಯ? ಪಂಪನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹೀಗೆ ನೇರ್ಪಡಿಸಿದ್ದರಿಂದ ದ್ರೌಪದಿಗೆ ಏನು ಸಿಕ್ಕಿತು ಎಂದು ನೋಡಿದರೆ ಬೇಸರವಾಗುತ್ತದೆ. ಯುದ್ಧ ಮುಗಿದು ಅರ್ಜುನನಿಗೆ ಪಟ್ಟವಾಗುವಾಗ ಅವನ ಪಕ್ಕದಲ್ಲಿ ಕುಳಿತವಳು ಸುಭದ್ರೆ. ದ್ರೌಪದಿಯ ಬದುಕಿನ ವೈಚಿತ್ರ್ಯವನ್ನು ತೆಗೆದ ಮೇಲೆ ಅವಳಿಗೆ ಕಾವ್ಯದಲ್ಲಿ ಇದ್ದ ಜಾಗವೂ ಹೋಯಿತು. ಎಲ್ಲರಂತೆ ಆಗಿಬಿಟ್ಟರೆ ಸುಖವಾಗಿರಬಹುದು ಎಂದು ಬುದ್ಧಿ ಹೇಳುವವರು ಈ ಪಟ್ಟಾಭಿಷೇಕವನ್ನು ನೆನೆಯಬೇಕು.

ಐದು ಶತಮಾನ ಕಳೆದ ಮೇಲೆ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಅವಳಿಗೆ ಐವರನ್ನೂ ಮರಳಿ ಕೊಟ್ಟ. ಜೊತೆಗೆ ಒಂದು ನಾಲಿಗೆಯನ್ನೂ ಕೊಟ್ಟ. ಆ ಕಾವ್ಯವನ್ನು 1958ರಲ್ಲಿ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿಕೊಟ್ಟ ಮೇಲೆ ಅದು ಸಾಮಾನ್ಯ ಓದುಗರ ಮನೆಗೂ ಬಂತು. ಗವಿಪುರದ ಮಾಸ್ತಿಯವರ ಮನೆಯಿಂದ ನಗರ್ತಪೇಟೆಗೆ ಎಷ್ಟು ದೂರ!

ಈಗ ವಿರಾಟನಗರಕ್ಕೆ ಬರೋಣ. ಬನ್ನಿಮರದ ಮೇಲೆ ಆಯುಧಗಳನ್ನು ಬಚ್ಚಿಟ್ಟು, ಯಾರೂ ಹತ್ತಿರ ಸುಳಿಯದಂತೆ ಒಂದು ಹೆಣವನ್ನು ಕಟ್ಟಿ, ಒಬ್ಬೊಬ್ಬರಾಗಿ ಊರೊಳಗೆ ಬರುತ್ತಾರೆ. ವಿಜಯದಶಮಿಯಂದು ಬನ್ನಿ ಹಂಚುವಾಗ ನಾವು ಆಯುಧವನ್ನು ನೆನೆಯುತ್ತೇವೆ, ಆ ಹೆಣವನ್ನು ಮರೆಯುತ್ತೇವೆ, ಇರಲಿ. ದ್ರೌಪದಿ ರಾಣಿ ಸುದೇಷ್ಣೆಯ ಬಳಿ ತಲೆ ಬಾಚುವ, ಗಂಧ ತೇಯುವ ಸೈರಂಧ್ರಿಯಾಗಿ ಕೆಲಸ ಕೇಳುತ್ತಾಳೆ. ಇಷ್ಟು ಚೆಲುವೆಯನ್ನು ಮನೆಯಲ್ಲಿಟ್ಟುಕೊಂಡರೆ ರಾಜನ ಕಣ್ಣು ಬಿದ್ದೀತೆಂದು ರಾಣಿ ಅಂಜುತ್ತಾಳೆ. ಆಗ ದ್ರೌಪದಿ ತನ್ನ ಕರಾರುಗಳನ್ನು ಮುಂದಿಡುತ್ತಾಳೆ. ಎಂಜಲು ಉಣ್ಣುವುದಿಲ್ಲ, ಪರರ ಕಾಲು ತೊಳೆಯುವುದಿಲ್ಲ. ಮತ್ತು ತನಗೆ ಐವರು ಗಂಧರ್ವರು ಗಂಡಂದಿರು. ಕಣ್ಣಿಗೆ ಕಾಣದೆ ಕಾಯುತ್ತಿರುತ್ತಾರೆ, ತನ್ನನ್ನು ಮುಟ್ಟಿದವರು ಅದೇ ರಾತ್ರಿ ಸಾಯುತ್ತಾರೆ.

ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಜ್ಞಾತವಾಸದಲ್ಲಿ ಉಳಿದವರೆಲ್ಲರೂ ತಮ್ಮ ಗುರುತನ್ನು ಮುಚ್ಚಿಡುತ್ತಾರೆ. ‘ಐವರು ಗಂಡಂದಿರು’ ಎಂಬುದು ಇಡೀ ಭರತಖಂಡದಲ್ಲಿ ಒಬ್ಬಳಿಗೇ ಸಲ್ಲುವ ಗುರುತು. ಗೂಢಚಾರರ ಕಿವಿಗೆ ಬಿದ್ದರೆ ಇನ್ನೂ 12 ವರ್ಷ ಕಾಡು. ಒಬ್ಬನೇ ಗಂಡನೆಂದು ಹೇಳಿದ್ದರೆ ಸುರಕ್ಷಿತವಾಗಿರುತ್ತಿತ್ತು. ಆದರೂ ಅವಳು ಆ ಸಂಖ್ಯೆಯನ್ನು ಬಿಡುವುದಿಲ್ಲ. ಗಂಡಂದಿರನ್ನು ಗಂಧರ್ವರಾಗಿಸುತ್ತಾಳೆ, ಐದನ್ನು ಐದಾಗಿಯೇ ಉಳಿಸುತ್ತಾಳೆ. ಯಾವ ಮಾತನ್ನು ಹಿಡಿದು ಸಭೆಯಲ್ಲಿ ಅವಳನ್ನು ಹಳಿದರೋ ಅದನ್ನೇ ಅವಳು ಗುರಾಣಿ ಮಾಡಿಕೊಂಡಳು. ಕೇಳಿದವರು ನಗಲಿಲ್ಲ, ಹೆದರಿದರು.

ಗುರಾಣಿ ಬಹಳ ದಿನ ತಡೆಯಲಿಲ್ಲ. ರಾಣಿಯ ತಮ್ಮ, ಸೇನಾಪತಿ ಕೀಚಕ ಅವಳ ಬೆನ್ನು ಹತ್ತಿದ. ಸುದೇಷ್ಣೆಯೇ ಮದ್ಯ ತರುವ ನೆಪದಲ್ಲಿ ಅವಳನ್ನು ಅವನ ಮನೆಗೆ ಕಳಿಸಿದಳು. ಅಲ್ಲಿಂದ ತಪ್ಪಿಸಿಕೊಂಡು ರಾಜಸಭೆಗೆ ಓಡಿ ಬಂದವಳನ್ನು ಅವನು ಎಲ್ಲರೆದುರಿಗೇ ಒದ್ದ. ಸಭೆಯಲ್ಲಿ ಕಂಕ ಕುಳಿತಿದ್ದ. ವ್ಯಾಸಭಾರತದಲ್ಲಿ ಅವನು ಹೇಳುವ ಮಾತು ಕಠೋರವಾದದ್ದು: ನಿನಗೆ ಹೊತ್ತು ಗೊತ್ತಿನ ತಿಳಿವಳಿಕೆ ಇಲ್ಲ, ನಾಟಕದವಳ ಹಾಗೆ ಅತ್ತು ರಾಜಸಭೆಯ ಪಗಡೆಗೆ ಅಡ್ಡಿ ಮಾಡುತ್ತಿದ್ದೀಯೆ. ಗುಟ್ಟು ರಟ್ಟಾಗಬಾರದೆಂಬ ಆತಂಕ ಅವನದು, ಒಪ್ಪೋಣ. ಆದರೆ ನೊಂದವಳಿಗೆ ‘ನಾಟಕ ಮಾಡಬೇಡ’ ಎನ್ನುವ ಮಾತು ಇಷ್ಟು ಹಳೆಯದು ಎಂದು ಓದುವಾಗ ಗೊತ್ತಾಗುತ್ತದೆ.

ಕುಮಾರವ್ಯಾಸನ ಶ್ರೇಷ್ಠ ಸನ್ನಿವೇಶಗಳಲ್ಲಿ ಒಂದು ಆ ರಾತ್ರಿಯದು. ಯಾರ ಬಳಿ ಹೋಗಲಿ ಎಂದು ದ್ರೌಪದಿ ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲೇ ತೂಗಿ ನೋಡುತ್ತಾಳೆ. ಧರ್ಮರಾಯ ನೀತಿ ಹೇಳುತ್ತಾನೆ, ಅರ್ಜುನ ಅಣ್ಣನ ಮಾತು ಮೀರುವುದಿಲ್ಲ, ಕಿರಿಯರಿಂದ ಆಗುವ ಕೆಲಸವಲ್ಲ. ಕತ್ತಲಲ್ಲಿ ಅಡುಗೆಮನೆಗೆ ಹೋಗಿ ಮಲಗಿದ್ದ ಭೀಮನನ್ನು ಎಬ್ಬಿಸುತ್ತಾಳೆ. ಮೊದಲು ಅವನೂ ಸಿಡುಕುತ್ತಾನೆ. ಸಭೆಯಲ್ಲಿ ಸುಮ್ಮನಿರಿಸಿದ ಅಣ್ಣನನ್ನೇ ಹೋಗಿ ಕೇಳು ಎಂಬ ಧಾಟಿ. ಆಗ ಅವಳು ಆಡುವ ಮಾತುಗಳನ್ನು ಗಮಕಿಗಳ ಬಾಯಲ್ಲೇ ಕೇಳಬೇಕು. ಹುಟ್ಟಿದ ಮನೆ ಎಂಥದು, ಕೈಹಿಡಿದವರು ಎಂಥವರು, ಬೆನ್ನಿಗಿರುವ ಕೃಷ್ಣ ಎಂಥವನು. ಇಷ್ಟೆಲ್ಲ ಇದ್ದೂ ತನ್ನಂತೆ ನವೆದವರುಂಟೆ ಎನ್ನುತ್ತಾಳೆ. ಐವರು ಸೇರಿ ಒಬ್ಬಳನ್ನು ಕಾಯಲಾರದ ನೀವು ಗಂಡಸರೇ ಎಂದು ಕೇಳಿಬಿಡುತ್ತಾಳೆ. ವ್ಯಾಸರಲ್ಲಿ ಇನ್ನೊಂದು ಸಣ್ಣ ವಿವರವಿದೆ. ಗಂಧ ತೇಯ್ದು ತೇಯ್ದು ಜಡ್ಡುಗಟ್ಟಿದ ಅಂಗೈಗಳನ್ನು ಅವಳು ಭೀಮನಿಗೆ ತೋರಿಸುತ್ತಾಳೆ. ಅವನು ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ.

ಮುಂದಿನದು ಗೊತ್ತಿರುವುದೇ. ನರ್ತನಶಾಲೆಯ ಕತ್ತಲಲ್ಲಿ ಭೀಮ ಕೀಚಕನನ್ನು ಕೊಂದ. ಸೈರಂಧ್ರಿಯ ಗಂಧರ್ವರು ನಿಜವೆಂದು ಊರು ನಂಬಿತು.

ಆ ನರ್ತನಶಾಲೆಯಲ್ಲಿ ಹಗಲು ಹೊತ್ತು ಹಾಡು ಕುಣಿತ ಕಲಿಸುತ್ತಿದ್ದವನು ಅರ್ಜುನ. ದೇವಲೋಕದಲ್ಲಿ ಊರ್ವಶಿಯ ಆಸೆಯನ್ನು ಒಲ್ಲೆನೆಂದದ್ದಕ್ಕೆ ಸಿಕ್ಕ ಶಾಪ ಒಂದು ವರ್ಷದ ಮಟ್ಟಿಗೆ ಉಪಯೋಗಕ್ಕೆ ಬಂತು. ಹೆಣ್ಣಿನ ಉಡುಗೆ, ಹೆಣೆದ ಜಡೆ, ಕಿವಿಗೆ ಓಲೆ, ಕೈತುಂಬ ಬಳೆ. ಬಳೆಗೆ ಒಂದು ಕೆಲಸವಿತ್ತು: ಬಿಲ್ಲಿನ ಹೆದೆ ತಾಗಿ ತಾಗಿ ಎರಡೂ ಕೈಗಳ ಮೇಲೆ ಬಿದ್ದಿದ್ದ ಗಾಯದ ಗೆರೆಗಳನ್ನು ಮುಚ್ಚುವುದು. ಬೃಹನ್ನಳೆ ಎಂಬ ಹೆಸರು. ಅಂತಃಪುರಕ್ಕೆ ಬಿಡುವ ಮುನ್ನ ಅವನನ್ನು ಪರೀಕ್ಷೆ ಮಾಡಿಸಿದರು ಎಂದು ಮೂಲ ಹೇಳುತ್ತದೆ. ಮೂರು ಲೋಕದ ಗಂಡನೆನಿಸಿಕೊಂಡವನು ಅದನ್ನೂ ಸಹಿಸಿದ.

ಗ್ರೀಕರ ಪುರಾಣದಲ್ಲಿ ಇಂಥದೇ ಒಂದು ಕಥೆ ಇದೆ. ಟ್ರಾಯ್ ಯುದ್ಧಕ್ಕೆ ಮಗ ಹೋಗಬಾರದೆಂದು ತಾಯಿ ವೀರ ಅಕಿಲೀಸನನ್ನು ಹೆಣ್ಣುವೇಷದಲ್ಲಿ ಸ್ಕೈರೋಸ್ ದ್ವೀಪದ ರಾಜಕುಮಾರಿಯರ ನಡುವೆ ಬಚ್ಚಿಡುತ್ತಾಳೆ. ಯುಲಿಸಿಸ್ ಬಂದು ಒಡವೆಗಳ ನಡುವೆ ಆಯುಧಗಳನ್ನಿಟ್ಟು ಹರಡುತ್ತಾನೆ. ಹುಡುಗಿಯರು ಒಡವೆ ಎತ್ತಿಕೊಂಡರೆ ಅಕಿಲೀಸನ ಕೈ ಆಯುಧಕ್ಕೆ ಹೋಗುತ್ತದೆ, ವೇಷ ಅಲ್ಲಿಗೆ ಮುಗಿಯಿತು. ಅವನಿಗೆ ಆ ಉಡುಗೆ ಒಂದು ಸೆರೆಮನೆ. ಅರ್ಜುನ ಹಾಗಲ್ಲ. ವರ್ಷವಿಡೀ ಉತ್ತರೆಗೂ ಅವಳ ಗೆಳತಿಯರಿಗೂ ಮನಸ್ಸಿಟ್ಟು ಪಾಠ ಹೇಳಿದ. ಗಂಧರ್ವ ಚಿತ್ರಸೇನನಿಂದ ಕಲಿತ ವಿದ್ಯೆ ಅವನಲ್ಲಿತ್ತು; ಅದಕ್ಕೆ ಆವರೆಗೆ ಅವಕಾಶ ಸಿಕ್ಕಿರಲಿಲ್ಲ. ಯುದ್ಧಕ್ಕೆ ಹೊರಟಾಗ ಕವಚವನ್ನು ತಲೆಕೆಳಗಾಗಿ ತೊಟ್ಟು ಹುಡುಗಿಯರನ್ನು ನಗಿಸಿದನಂತೆ. ಒಳಗಿನ ಹಾಸ್ಯ ಸತ್ತವರಿಂದ ಆಗುವ ಕೆಲಸವಲ್ಲ ಅದು. ಆ ಯುದ್ಧದಲ್ಲಿ ನಡುಗಿ ರಥ ಬಿಟ್ಟು ಓಡಿದವನು ರಾಜಕುಮಾರ ಉತ್ತರ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅಲ್ಲಿಂದ ಬಂತು. ಗಂಡಸೆಂದು ಹೆಸರಾದವನನ್ನು ಜಡೆ ಹಿಡಿದ ಬೃಹನ್ನಳೆ ಓಡಿ ಹೋಗಿ ಹಿಡಿದು ತಂದದ್ದನ್ನು ನಮ್ಮ ಬಯಲಾಟದವರೂ ಯಕ್ಷಗಾನದವರೂ ಎಷ್ಟು ಸಲ ಆಡಿ ತೋರಿಸಿದರೂ ಜನಕ್ಕೆ ಬೇಸರವಾಗಿಲ್ಲ.

ಹಾಗಾದರೆ ಅವನಿಗೆ ನೋವೇ ಇರಲಿಲ್ಲವೆ? ವಿರಾಟಪರ್ವದ ಒಂದು ಮೂಲೆಯಲ್ಲಿ ಇದಕ್ಕೆ ಉತ್ತರವಿದೆ, ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಕೀಚಕ ಸತ್ತ ಮರುದಿನ, ಅವನ ಹೆಣದ ಜೊತೆ ತನ್ನನ್ನು ಸುಡಹೊರಟವರ ಕೈಯಿಂದ ಪಾರಾಗಿ ದ್ರೌಪದಿ ಹಿಂದಿರುಗುವಾಗ ನರ್ತನಶಾಲೆಯ ಬಾಗಿಲಲ್ಲಿ ಹುಡುಗಿಯರೂ ಬೃಹನ್ನಳೆಯೂ ನಿಂತಿರುತ್ತಾರೆ. ಹೇಗೆ ಬಿಡುಗಡೆಯಾಯಿತು, ಆ ಪಾಪಿಗಳು ಹೇಗೆ ಸತ್ತರು ಎಂದು ಬೃಹನ್ನಳೆ ಕೇಳುತ್ತಾಳೆ. ದ್ರೌಪದಿಯ ಉತ್ತರ ಚುಚ್ಚುವಂಥದು: ಸೈರಂಧ್ರಿಯ ಗೊಡವೆ ನಿನಗೇಕೆ? ನೀನು ಹುಡುಗಿಯರ ನಡುವೆ ಸುಖವಾಗಿದ್ದೀಯೆ, ನನ್ನ ದುಃಖ ನಿನಗೆ ಬಂದಿಲ್ಲ, ಅದಕ್ಕೇ ನಗುನಗುತ್ತ ಕೇಳುತ್ತೀಯೆ. ಆಗ ಅವನು, ಬೃಹನ್ನಳೆಗೂ ಹೇಳತೀರದ ದುಃಖವಿದೆ, ಮನುಷ್ಯರ ಲೆಕ್ಕದಿಂದಲೇ ಹೊರಗೆ ಬಿದ್ದ ಬಾಳು ಅವಳದು, ನಿನಗದು ತಿಳಿಯುತ್ತಿಲ್ಲ ಎಂದು ಹೇಳುತ್ತಾನೆ. ಗಂಡಹೆಂಡಿರು ಇಬ್ಬರೂ ಪರರ ಹೆಸರಿನಲ್ಲಿ, ಮಕ್ಕಳೆದುರಿಗೆ, ಪರರ ಮಾತಾಡಿದ ಹಾಗೆ ತಮ್ಮದನ್ನೇ ಆಡಿಕೊಳ್ಳುತ್ತಾರೆ. ಬೇರೆಯಾಗಿರುವ ಇಬ್ಬರು ಒಂದೇ ಮನೆಯಲ್ಲಿದ್ದರೂ ಒಬ್ಬರ ಕಷ್ಟ ಇನ್ನೊಬ್ಬರಿಗೆ ಕಾಣುವುದಿಲ್ಲ. ಕಾಣುತ್ತದೆಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ, ಕವಿ ಹಾಗೆ ತಿಳಿಯಲಿಲ್ಲ.

ಮುಂದೆ ಯುದ್ಧವಾಗಿ, ರಾಜ್ಯ ಬಂದು, ಅದೂ ಸಾಕಾಗಿ ಆರೂ ಜನ ಹಿಮಾಲಯದ ಕಡೆ ನಡೆದರು. ಕುಮಾರವ್ಯಾಸ ಗದಾಪರ್ವಕ್ಕೇ ಲೇಖನಿ ಕೆಳಗಿಟ್ಟಿದ್ದ; ಉಳಿದ ಪರ್ವಗಳನ್ನು ಕನ್ನಡದಲ್ಲಿ ಮುಗಿಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ. ಆ ದಾರಿಯಲ್ಲಿ ಮೊದಲು ಬಿದ್ದವಳು ದ್ರೌಪದಿ. ಇವಳೇಕೆ ಬಿದ್ದಳೆಂದು ಭೀಮ ಕೇಳಿದ್ದಕ್ಕೆ ಧರ್ಮರಾಯ ಕಾರಣ ಕೊಡುತ್ತಾನೆ: ಇವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು. ಐವರನ್ನು ಮದುವೆಯಾಗು ಎಂದವರೂ ಅವರೇ, ಐವರನ್ನೂ ಸಮನಾಗಿ ಪ್ರೀತಿಸಲಿಲ್ಲ ಎಂದವರೂ ಅವರೇ. ಯಾರೂ ಹಿಂದಿರುಗಿ ನೋಡದೆ ನಡೆದುಬಿಟ್ಟರು.

ನಗರ್ತಪೇಟೆಯ ಕಥೆ ಹುಟ್ಟುವುದು ಸರಿಯಾಗಿ ಇಲ್ಲಿ. ತಿಗಳರು ಹೇಳಿಕೊಂಡು ಬಂದ ಪ್ರಕಾರ ಬಿದ್ದ ದ್ರೌಪದಿ ಸಾಯಲಿಲ್ಲ, ಮೂರ್ಛೆ ಹೋಗಿದ್ದಳು. ಎಚ್ಚರವಾದಾಗ ಜೊತೆಗಿದ್ದವರು ಯಾರೂ ಇಲ್ಲ. ಎದುರಿಗೆ ತಿಮಿರಾಸುರನೆಂಬ ರಾಕ್ಷಸ. ಆಗ ಅವಳು ಶಕ್ತಿಯ ರೂಪ ತಾಳಿ ತನ್ನ ಮೈಯಿಂದಲೇ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಗೆಲ್ಲುತ್ತಾಳೆ. ಗೆದ್ದು ಹೊರಟವಳನ್ನು ಆ ಮಕ್ಕಳು ಹೋಗಬೇಡವೆಂದು ಕಾಡುತ್ತಾರೆ. ವರ್ಷಕ್ಕೊಮ್ಮೆ ಮೂರು ದಿನ ಬಂದಿರುತ್ತೇನೆಂದು ಅವಳು ಮಾತು ಕೊಡುತ್ತಾಳೆ. ಅದೇ ಕರಗ. ಗಂಡಂದಿರು ಬಿಟ್ಟು ಹೋದ ಜಾಗದಲ್ಲಿ ನಿಂತು, ಇವಳಿಗೆ ಮುಂದೇನಾಯಿತು ಎಂದು ಕೇಳಿದವರು ತೋಟಗಾರರು. ಪಂಡಿತರಿಗೆ ಹೊಳೆಯದ ಪ್ರಶ್ನೆ ಎಂದರೆ ತಪ್ಪಾಗಲಾರದು. ತಮಿಳುನಾಡಿನ ಸೆಂಜಿ ಸೀಮೆಯಲ್ಲೂ ದ್ರೌಪದಿಯಮ್ಮನ ಗುಡಿಗಳಿವೆ, ಅಲ್ಲಿ ತೆರುಕ್ಕೂತ್ತು ಆಟಗಳಲ್ಲಿ ಅವಳ ಕಥೆ ಆಡುತ್ತಾರೆ. ಆದರೆ ಹೂವಿನ ಕರಗವಾಗಿ ಒಂದು ರಾಜಧಾನಿಯ ಬೀದಿಗಳಲ್ಲಿ ರಾತ್ರಿಯಿಡೀ ಅವಳು ನಡೆಯುವುದು ಬೆಂಗಳೂರಿನಲ್ಲಿ.

ಚೈತ್ರದ ಹುಣ್ಣಿಮೆಯ ಆ ರಾತ್ರಿಯನ್ನು ಕಂಡವರಿಗೆ ಹೆಚ್ಚು ವರ್ಣಿಸಬೇಕಿಲ್ಲ. ಮೊದಲು ಹಸಿ ಕರಗ ಬರುವುದು ಸಂಪಂಗಿ ಕೆರೆಯ ನೀರಿನ ಕಡೆಯಿಂದ. ಆ ಕೆರೆ ಈಗ ಕಂಠೀರವ ಕ್ರೀಡಾಂಗಣ. ಗುರುತಿಗೆಂದು ಒಂದು ಪುಟ್ಟ ಕೊಳ ಉಳಿದಿದೆ. ಹುಣ್ಣಿಮೆಯ ನಡುರಾತ್ರಿ ಕಳೆದ ಮೇಲೆ ಮಲ್ಲಿಗೆಯ ಗೋಪುರದಂಥ ಕರಗವನ್ನು ತಲೆಯ ಮೇಲೆ ಹೊತ್ತು, ಕೈಯಿಂದ ಹಿಡಿಯದೆ, ಹೊರುವವರು ಗುಡಿಯಿಂದ ಹೊರಬರುತ್ತಾರೆ. ಸುತ್ತಲೂ ಅಲಗು ಹಿಡಿದ ವೀರಕುಮಾರರು, ಗೋವಿಂದನ ಕೂಗು. ಪೇಟೆಯ ಗುಡಿಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾದ ಮೇಲೆ ಹಿಂದಿರುಗುವುದು.

ಕರಗ ಹೊರುವವರು ಗಂಡಸು, ಸಂಸಾರಸ್ಥರು. ಆ ದಿನಗಳಲ್ಲಿ ಅವರು ಉಡುವುದು ಅರಿಶಿನ ಬಣ್ಣದ ಹೆಣ್ಣುಡುಗೆ, ಮುಡಿಯುವುದು ಮಲ್ಲಿಗೆ. ಹೆಂಡತಿಯ ತಾಳಿ ಮತ್ತು ಬಳೆ ಅವರ ಮೈಮೇಲೆ ಬರುತ್ತವೆ. ಹಬ್ಬ ಮುಗಿಯುವವರೆಗೆ ಹೆಂಡತಿ ಅವರ ಕಣ್ಣಿಗೆ ಬೀಳುವಂತಿಲ್ಲ. ಅವರು ಆಗ ದ್ರೌಪದಿಯೇ. ಇದು ಶಕ್ತಿಯ ಆವಾಹನೆ ಎಂದು ಸಮುದಾಯದವರು ಹೇಳುತ್ತಾರೆ, ಅದು ಅವರ ಮಾತು. ಹೊರಗಿನಿಂದ ನೋಡುವ ನನಗೆ ಮಾತ್ರ ಆ ಬಳೆಗಳನ್ನು ಕಂಡಾಗ ಬೃಹನ್ನಳೆಯೂ ನೆನಪಾಗುತ್ತಾಳೆ. ನರ್ತನಶಾಲೆಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ತಿಳಿಯಲಾರದೆ ನಿಂತಿದ್ದ ಇಬ್ಬರೂ ಇಲ್ಲಿ ಒಂದೇ ಮೈಯಲ್ಲಿದ್ದಾರೆ. ಲಕ್ಷಾಂತರ ಜನ ಕೈಮುಗಿದು ದಾರಿ ಬಿಡುತ್ತಾರೆ, ಯಾರೂ ನಗುವುದಿಲ್ಲ.

ಆದರೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಬೃಹನ್ನಳೆಯ ಅವಧಿ ಒಂದು ವರ್ಷ, ಕರಗದ್ದು ಕೆಲವೇ ದಿನ. ಮುಗಿಯುವ ದಿನ ಮೊದಲೇ ಗೊತ್ತಿರುವ ವೇಷವನ್ನು ಸಮಾಜ ಗೌರವಿಸಬಲ್ಲದು. ಮುಗಿಯದ ಅಜ್ಞಾತವಾಸದವರ ಗತಿ ಬೇರೆ. ಮಹಾಭಾರತದಲ್ಲೇ ಶಿಖಂಡಿ ಇದ್ದಾನೆ, ಹೆಣ್ಣಾಗಿ ಹುಟ್ಟಿ ಗಂಡಾದವನು. ಭೀಷ್ಮನನ್ನು ಬೀಳಿಸಲು ಅವನು ಬೇಕಾಯಿತು, ಅವನಿಗೆಂದು ಒಂದು ಗುಡಿಯನ್ನು ಯಾರೂ ಕಟ್ಟಲಿಲ್ಲ. ಕನ್ನಡದಲ್ಲಿ ಅವನ ಹೆಸರು ಬೈಗುಳವಾಗಿ ಉಳಿಯಿತು. ಉತ್ತರ ಕರ್ನಾಟಕದ ಜೋಗತಿಯರು ಎಲ್ಲಮ್ಮನ ಕೊಡವನ್ನು ಕೈಯಿಂದ ಮುಟ್ಟದೆ ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ. ಗಂಡಾಗಿ ಹುಟ್ಟಿ ಸೀರೆ ಉಟ್ಟವರು ಅವರಲ್ಲಿ ಅನೇಕರು. ಕರಗಕ್ಕೂ ಕೊಡಕ್ಕೂ ಎಷ್ಟು ಹೋಲಿಕೆ! ಒಂದರ ಮುಂದೆ ಊರು ಬಾಗಿತು. ಇನ್ನೊಂದನ್ನು ಹೊತ್ತವರು ಕುಣಿತ ಮುಗಿದ ಮೇಲೂ ಸೀರೆಯಲ್ಲೇ ಉಳಿಯುವವರಾದ್ದರಿಂದ ಬಸ್ಸಿನಲ್ಲಿ, ಸಂತೆಯಲ್ಲಿ ಜನರ ನಗೆ ಕೇಳಿಸಿಕೊಂಡೇ ಬದುಕಿದರು. ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿಯಿತು. ಜೋಗತಿ ಕಲೆಯ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ರಾಜ್ಯ ಸರ್ಕಾರಿ ನೌಕರಿಗಳಲ್ಲಿ ಈ ಸಮುದಾಯಕ್ಕೆ ಶೇ. 1ರಷ್ಟು ಮೀಸಲಾತಿ ಬಂತು. ವಿರಾಟನ ಮನೆಯಲ್ಲಿ ಬೃಹನ್ನಳೆಗೆ ಕೆಲಸ ಸಿಗಲು ಕೇಳಿದ್ದು ಒಂದೇ, ಏನು ಬರುತ್ತದೆ ನಿನಗೆ ಎಂಬುದು. ಪರೀಕ್ಷೆ ಮಾಡಿಸಿದ್ದನ್ನು ಬಿಟ್ಟರೆ ಆ ರಾಜ ಒಳ್ಳೆಯ ಯಜಮಾನನೇ.

ಆಧುನಿಕ ಕನ್ನಡದಲ್ಲಿ ದ್ರೌಪದಿಗೆ ಮತ್ತೆ ಬಾಯಿ ಬಂದದ್ದು ಭೈರಪ್ಪನವರ ‘ಪರ್ವ’ದಲ್ಲಿ, 1979ರಲ್ಲಿ. ಅಲ್ಲಿ ಐವರ ಹೆಂಡತಿಯಾಗಿ ಬಾಳಿದ್ದೇನೆಂಬುದನ್ನು ಅವಳೇ ನೆನೆಯುತ್ತಾಳೆ. ದೇವತೆಗಳ ವರ, ಹಿಂದಿನ ಜನ್ಮ ಯಾವುದೂ ಇಲ್ಲ. ಬೃಹನ್ನಳೆಗೆ ಅಷ್ಟು ದೀರ್ಘವಾದ ಸ್ವಗತವನ್ನು ಕನ್ನಡದಲ್ಲಿ ಯಾರಾದರೂ ಬರೆದರೆ ಓದಲು ಆಸೆಯಿದೆ. ಅಲ್ಲಿಯವರೆಗೆ ಹಳೆಯ ಪುಸ್ತಕದ್ದೇ ಒಂದು ಪ್ರಸಂಗ.

ಕೌರವರು ವಿರಾಟನ ಹಸುಗಳನ್ನು ಹೊಡೆದುಕೊಂಡು ಹೋದಾಗ ಬೃಹನ್ನಳೆ ಉತ್ತರನ ಸಾರಥಿಯಾಗಿ ಹೊರಡುತ್ತಾಳೆ. ಹೊರಡುವಾಗ ಪುಟ್ಟ ಉತ್ತರೆಯೂ ಗೆಳತಿಯರೂ ಒಂದು ಬೇಡಿಕೆ ಇಡುತ್ತಾರೆ: ಭೀಷ್ಮ ದ್ರೋಣರನ್ನು ಗೆದ್ದರೆ ಅವರ ಬಣ್ಣಬಣ್ಣದ ಬಟ್ಟೆಗಳನ್ನು ನಮ್ಮ ಗೊಂಬೆಗಳಿಗೆ ತಂದುಕೊಡು. ಯುದ್ಧ ಶುರುವಾಗುವ ಹೊತ್ತಿಗೆ ಅಜ್ಞಾತವಾಸದ ಅವಧಿ ಮುಗಿದಿತ್ತು. ಭೀಷ್ಮನೇ ತಿಂಗಳು, ದಿನಗಳ ಲೆಕ್ಕ ಹಾಕಿ ಅದನ್ನು ದುರ್ಯೋಧನನಿಗೆ ಒಪ್ಪಿಸುತ್ತಾನೆ. ಗಾಂಡೀವ ಕೈಗೆ ಬಂದು, ಹತ್ತು ಹೆಸರು ಹೇಳಿಕೊಂಡು, ಕೌರವ ಸೇನೆಯನ್ನೆಲ್ಲ ಮೂರ್ಛೆ ಕೆಡವಿದ ಅರ್ಜುನನಿಗೆ ಆ ಗದ್ದಲದಲ್ಲೂ ಹುಡುಗಿಯರ ಮಾತು ನೆನಪಿತ್ತು. ದ್ರೋಣ ಕೃಪರ ಬಿಳಿಯದು, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ಬಿಚ್ಚಿಕೊಂಡು ಬಾ ಎಂದು ಉತ್ತರನನ್ನು ಕಳಿಸುತ್ತಾನೆ. ಆಮೇಲೆ ಬಿಲ್ಲನ್ನು ಮತ್ತೆ ಬನ್ನಿಮರಕ್ಕೆ ಇಟ್ಟು, ಬಿಚ್ಚಿದ ಕೂದಲನ್ನು ಮತ್ತೆ ಜಡೆ ಹೆಣೆದುಕೊಂಡು, ಹಗ್ಗ ಹಿಡಿದು ಸಾರಥಿಯಾಗಿಯೇ ಊರಿಗೆ ಬರುತ್ತಾನೆ. ಬಟ್ಟೆಗಳನ್ನು ಉತ್ತರೆಯ ಕೈಗೆ ಕೊಟ್ಟದ್ದು ಬೃಹನ್ನಳೆಯೇ.